ಗೋಕರ್ಣದ ಮಳೆಗಾಲ, ಆಸ್ಟ್ರೇಲಿಯಾದ ಹಿಮಗಾಲ: ಒಂದು ಸೀಸನ್ ದುಡಿಯಲು ಹೋಗಬಹುದೇ?

ತದಡಿ ದಕ್ಕೆ:

ಎಲ್ಲರಿಗೂ ನಮಸ್ಕಾರ. ನನಗೆ ಬರುವ ಶ್ರಾವಣಕ್ಕೆ 29 ತುಂಬುತ್ತದೆ. ಕುಮಟಾದಲ್ಲಿ ಬಿ.ಕಾಂ. ಮುಗಿಸಿದವನು. ಐದು ವರ್ಷಗಳಿಂದ ಗೋಕರ್ಣದ ಒಂದು ರೆಸಾರ್ಟಿನಲ್ಲಿ ರಿಸೆಪ್ಶನ್ ನೋಡಿಕೊಳ್ಳುತ್ತಿದ್ದೇನೆ. ಬೆಳಗಿನ ಹೊತ್ತು ಅತಿಥಿಗಳನ್ನು ಕಯಾಕಿನಲ್ಲಿ ಕರೆದೊಯ್ಯುವುದೂ ನನ್ನದೇ ಕೆಲಸ. ಅಕ್ಟೋಬರಿನಿಂದ ಮೇ ತನಕ ಕುಳಿತು ಊಟ ಮಾಡಲು ಪುರುಸೊತ್ತಿರುವುದಿಲ್ಲ. ಜೂನ್ ಮೊದಲ ವಾರ ಕಯಾಕುಗಳನ್ನು ಬೋರಲು ಹಾಕಿ ತಾಡಪತ್ರಿ ಕಟ್ಟಿದೆವೆಂದರೆ ಮುಗಿಯಿತು. ಸಂಬಳ ಅರ್ಧಕ್ಕೆ ಇಳಿಯುತ್ತದೆ, ಕೆಲವು ವರ್ಷ ಅದೂ ಇಲ್ಲ. ಅಪ್ಪ ಟ್ರಾಲ್ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ, 61 ದಿನ ಬೋಟು ದಕ್ಕೆ ಬಿಡುವಂತಿಲ್ಲ. ದುಡಿಯುವ ಇಬ್ಬರೂ ಒಂದೇ ಕಾಲಕ್ಕೆ ಜಗಲಿಯ ಮೇಲೆ ಕುಳಿತು ಅಘನಾಶಿನಿಯಲ್ಲಿ ಕೆಂಪು ನೀರು ಹರಿಯುವುದನ್ನು ನೋಡುವ ಮನೆ ಹೇಗಿರುತ್ತದೆಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಕಳೆದ ಜನವರಿಯಲ್ಲಿ ನಮ್ಮಲ್ಲಿ ಹತ್ತು ದಿನ ಇದ್ದ ಆಸ್ಟ್ರೇಲಿಯಾದ ದಂಪತಿ ಒಂದು ವಿಷಯ ಹೇಳಿದರು. ಅವರಿಬ್ಬರೂ ಜೂನ್‌ನಿಂದ ಅಕ್ಟೋಬರ್ ಆರಂಭದ ತನಕ ಸ್ಕೀ ರೆಸಾರ್ಟಿನಲ್ಲಿ ದುಡಿದು, ಉಳಿದ ಕಾಲ ದೇಶ ಸುತ್ತುತ್ತಾರಂತೆ. ಅಲ್ಲಿ ಜೂನ್ ಎಂದರೆ ಚಳಿಗಾಲ. ಅಂದಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ನಮ್ಮ ಬಾಗಿಲು ಮುಚ್ಚುವ ತಿಂಗಳಲ್ಲೇ ಅವರ ಬಾಗಿಲು ತೆರೆಯುತ್ತದೆ. ಅವರು ಮುಚ್ಚುವ ಹೊತ್ತಿಗೆ ನಾನು ದೀಪಾವಳಿ ರಜೆಯ ನೂಕುನುಗ್ಗಲಿಗೆ ಗೋಕರ್ಣದಲ್ಲಿ ಇರಬಹುದು.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಇಂಥ ವೀಸಾ ಸಿಗುತ್ತದೆಯೇ? ಹಿಮವನ್ನು ಕಣ್ಣಿನಿಂದಲೂ ನೋಡದ ನನಗೆ ಯಾರು ಕೆಲಸ ಕೊಡುತ್ತಾರೆ? ಕೈಯಲ್ಲಿ ಎಷ್ಟು ಹಣ ಇರಬೇಕು? ಹುಬ್ಬಳ್ಳಿಯ ಒಂದು ಕಚೇರಿಯವರು ‘ವೀಸಾ ಮತ್ತು ಕೆಲಸ ಎರಡೂ ಖಾತರಿ’ ಎಂದು ಮೂರೂವರೆ ಲಕ್ಷ ಕೇಳುತ್ತಿದ್ದಾರೆ. ಅಮ್ಮ ಬಳೆ ಒತ್ತೆ ಇಡಲು ಒಪ್ಪಿದ್ದಾಳೆ. ಅದಕ್ಕೇ ನನಗೆ ಭಯವಾಗುತ್ತಿದೆ. ತಿಳಿದವರು ಹೇಳಿ.

ಕೋಡಿಬಾಗ ಕಾಕಾ:

ತಮ್ಮಾ, ಉಳಿದದ್ದನ್ನು ತಿಳಿದವರು ಹೇಳುತ್ತಾರೆ. ನಾನು ಹೇಳುವುದು ಒಂದೇ. ಆ ಮೂರೂವರೆ ಲಕ್ಷ ಕೊಡಬೇಡ. ಅಮ್ಮನ ಬಳೆ ಅಮ್ಮನ ಕೈಯಲ್ಲೇ ಇರಲಿ.

ನಾನು 26 ವರ್ಷ ಹಡಗಿನ ಎಂಜಿನ್ ರೂಮಿನಲ್ಲಿ ದುಡಿದು ಈಗ ಕಾರವಾರದ ಮನೆಯಲ್ಲಿದ್ದೇನೆ. ನನ್ನ ತಂಗಿಯ ಮಗ ಹೀಗೆಯೇ ಯುರೋಪಿನ ಹೋಟೆಲ್ ಕೆಲಸಕ್ಕೆಂದು ಒಬ್ಬ ಏಜೆಂಟನಿಗೆ 2 ಲಕ್ಷ 40 ಸಾವಿರ ಕೊಟ್ಟ. ನೇಮಕದ ಪತ್ರವೇನೋ ಬಂತು, ಮೇಲೆ ಬಣ್ಣದ ಲಾಂಛನ, ಕೆಳಗೆ ಸಹಿ. ಮುಂಬೈಗೆ ಹೋಗಿ ಮೂರು ದಿನ ಲಾಡ್ಜಿನಲ್ಲಿ ಕಾದ. ನಾಲ್ಕನೆಯ ದಿನ ಏಜೆಂಟನ ಫೋನು ಸ್ವಿಚ್ ಆಫ್. ಆ ಹುಡುಗ ವರ್ಷದ ತನಕ ನನ್ನ ಮುಖ ನೋಡಿ ಮಾತಾಡಲಿಲ್ಲ. ತಪ್ಪು ಅವನದಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಲೇಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಪಟ್ಟಿ ಇದೆ. ನೋಂದಣಿ ಇದ್ದವನೂ ಸೇವಾ ಶುಲ್ಕವೆಂದು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಮೂರೂವರೆ ಲಕ್ಷ ಎಲ್ಲಿಂದ ಬಂತು ಎಂದು ಅವರನ್ನೇ ಕೇಳು. ನೋಂದಣಿ ಸಂಖ್ಯೆ ಬರೆದುಕೊಡಿ ಎನ್ನು. ಅಲ್ಲಿಗೇ ಗೊತ್ತಾಗುತ್ತದೆ.

ಸೋಂದಾ ರಸ್ತೆ:

ಕಾಕಾ ಹೇಳಿದ್ದು ನೂರಕ್ಕೆ ನೂರು ನಿಜ. ಈ ವೀಸಾದ ಮಟ್ಟಿಗೆ ಇನ್ನೊಂದು ಕಾರಣವೂ ಇದೆ: ಅದು ಲಾಟರಿ. ಲಾಟರಿಗೆ ಖಾತರಿ ಕೊಡುವವರು ಸುಳ್ಳು ಹೇಳುತ್ತಿದ್ದಾರೆ.

ನಾನು ಶಿರಸಿ ಕಡೆಯವಳು. 2025ರ ಜೂನ್‌ನಿಂದ ಅಕ್ಟೋಬರ್ ಮೊದಲ ವಾರದವರೆಗೆ ಆಸ್ಟ್ರೇಲಿಯಾದ ಜಿಂಡಬೈನ್ ಎಂಬ ಊರಿನ ಒಂದು ಲಾಡ್ಜಿನಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡಿ ಬಂದಿದ್ದೇನೆ. ಥ್ರೆಡ್ಬೋ ಮತ್ತು ಪೆರಿಷರ್ ಎಂಬ ಎರಡು ದೊಡ್ಡ ಸ್ಕೀ ರೆಸಾರ್ಟುಗಳಿಗೆ ಅದೇ ತಳದ ಊರು. ಹೋಗುವಾಗ ನನಗೆ 30 ವರ್ಷ. ಅದೇ ಕೊನೆಯ ಅವಕಾಶವಾಗಿತ್ತು.

ವೀಸಾದ ಹೆಸರು ವರ್ಕ್ ಆ್ಯಂಡ್ ಹಾಲಿಡೇ, ಸಬ್‌ಕ್ಲಾಸ್ 462. ಭಾರತ ಮತ್ತು ಆಸ್ಟ್ರೇಲಿಯಾದ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂತಲ್ಲ, ಅದರಲ್ಲಿ ನಮ್ಮವರಿಗೆ ವರ್ಷಕ್ಕೆ 1,000 ವೀಸಾ ಎಂದು ಒಪ್ಪಿಕೊಂಡರು. ಮೊದಲ ಲಾಟರಿ ತೆರೆದದ್ದು 2024ರ ಅಕ್ಟೋಬರ್ 1ಕ್ಕೆ. ಮೊದಲ ಎರಡು ವಾರದಲ್ಲೇ ಸುಮಾರು 40,000 ಜನ ಹೆಸರು ಹಾಕಿದ್ದರು. ನನ್ನ ಹೆಸರು ಬಂದದ್ದು ಶುದ್ಧ ಅದೃಷ್ಟ. ಹಾಗಾಗಿ ಮೊದಲ ಮಾತು: ಹೆಸರು ಹಾಕಿ, ಆದರೆ ಹೆಸರು ಬರುತ್ತದೆಂದು ಇಲ್ಲಿನ ಕೆಲಸ ಬಿಡಬೇಡಿ, ಸಾಲ ಮಾಡಬೇಡಿ.

ಹೆಸರು ಹಾಕಲು 25 ಆಸ್ಟ್ರೇಲಿಯನ್ ಡಾಲರ್. ಪಾಸ್‌ಪೋರ್ಟ್ ಬೇಕು, ಪ್ಯಾನ್ ಕಾರ್ಡ್ ಬೇಕು. ಮೊಬೈಲಿನಲ್ಲೇ ಆಗುತ್ತದೆ, ನಾನು ಶಿರಸಿಯ ಹಳೇ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಲೇ ಮುಗಿಸಿದ್ದೆ. ಒಬ್ಬರಿಗೆ ಒಂದೇ ನೋಂದಣಿ. ಅಲ್ಲಿನ ಗೃಹ ವ್ಯವಹಾರ ಇಲಾಖೆಯ ಜಾಲತಾಣ ಬಿಟ್ಟು ಬೇರೆ ದಾರಿಯೇ ಇಲ್ಲ. ಲಾಟರಿಯ ದಿನಾಂಕ ಪ್ರತಿ ವರ್ಷ ಒಂದೇ ಇರುತ್ತದೆಂದು ನಂಬಿ ಕೂರಬೇಡಿ, ಅಲ್ಲೇ ನೋಡುತ್ತಿರಿ. ಹೆಸರು ಬಂದ ಮೇಲೆ ಅರ್ಜಿ ಹಾಕಲು 28 ದಿನ ಕೊಡುತ್ತಾರೆ. ಆಗ ವೀಸಾ ಶುಲ್ಕ. ನಾನು ಕಟ್ಟಿದ್ದು 650 ಡಾಲರ್, ಅದು ಸಾಮಾನ್ಯವಾಗಿ ಜುಲೈಗೆ ಏರುತ್ತದೆ. ವಯಸ್ಸು 18ರಿಂದ 30. ಅಂದರೆ 31ರ ಹುಟ್ಟುಹಬ್ಬದ ಮುನ್ನ ಅರ್ಜಿ ಸೇರಬೇಕು. ಪಿಯುಸಿ ನಂತರ ಕನಿಷ್ಠ ಎರಡು ವರ್ಷ ಓದಿರಬೇಕು, ನಿಮ್ಮ ಬಿ.ಕಾಂ. ಧಾರಾಳವಾಯಿತು. ಇಂಗ್ಲಿಷಿಗೆ ಪರೀಕ್ಷೆ ಇದೆ, ಐಇಎಲ್‌ಟಿಎಸ್‌ನಲ್ಲಿ ಸರಾಸರಿ 4.5 ಸಾಕು. ಬ್ಯಾಂಕಿನಲ್ಲಿ 5,000 ಡಾಲರ್, ಅಂದರೆ ಮೂರು ಲಕ್ಷದ ಆಸುಪಾಸು ಇದೆಯೆಂದು ತೋರಿಸಬೇಕು. ಹಿಂದಿರುಗುವ ಟಿಕೆಟಿನ ಹಣ ಬೇರೆ. ಇದು ಯಾರಿಗೂ ಕೊಡುವ ಹಣವಲ್ಲ, ನಿಮ್ಮ ಖಾತೆಯಲ್ಲೇ ಇರುತ್ತದೆ. ಕೆಲಸದ ಪತ್ರ ಈ ವೀಸಾಕ್ಕೆ ಬೇಕೇ ಇಲ್ಲ.

ವೀಸಾ ಒಂದು ವರ್ಷದ್ದು, ಒಬ್ಬ ಮಾಲೀಕನ ಬಳಿ ಆರು ತಿಂಗಳು ಮೀರುವಂತಿಲ್ಲ. ಸ್ಕೀ ಸೀಸನ್ ಜೂನ್ ಎರಡನೆಯ ಸೋಮವಾರದ ರಜೆಯ ವಾರಾಂತ್ಯದಿಂದ ಅಕ್ಟೋಬರ್ ಆರಂಭದವರೆಗೆ, ನಾಲ್ಕು ತಿಂಗಳು. ಆದ್ದರಿಂದ ತೊಂದರೆ ಇಲ್ಲ.

ಬ್ರಿಟನ್ನಿನಲ್ಲೂ ನಮ್ಮವರಿಗೆ ಒಂದು ಲಾಟರಿ ಇದೆ, ಪದವಿ ಮತ್ತು 2,530 ಪೌಂಡ್ ಉಳಿತಾಯ ಬೇಕು, ಎರಡು ವರ್ಷ ಇರಬಹುದು. ಸ್ಕಾಟ್ಲೆಂಡಿನಲ್ಲಿ ಸ್ಕೀ ಜಾಗಗಳಿವೆ. ಆದರೆ ಅಲ್ಲಿನ ಹಿಮಗಾಲ ಮತ್ತು ಗೋಕರ್ಣದ ಸೀಸನ್ ಎರಡೂ ಒಂದೇ ಕಾಲಕ್ಕೆ ಬೀಳುತ್ತವೆ. ನಿಮ್ಮ ಲೆಕ್ಕಕ್ಕೆ ಅದು ಹೊಂದುವುದಿಲ್ಲ. ಕೆನಡಾ ಮತ್ತು ಜಪಾನ್‌ನ ಇಂಥ ಯೋಜನೆಗಳಲ್ಲಿ ಭಾರತದ ಹೆಸರೇ ಇಲ್ಲ.

ಇನ್ನು ಕೆಲಸ. ಹಿಮ ನೋಡಿಲ್ಲವೆಂದು ಹೆದರಬೇಡಿ. ಸ್ಕೀ ಕಲಿಸುವವರಿಗೆ ಪ್ರಮಾಣಪತ್ರ ಬೇಕು, ಉಳಿದವರಿಗೆ ಬೇಡ. ಲಿಫ್ಟ್ ಬಳಿ ನಿಂತು ಜನರನ್ನು ಹತ್ತಿಸಿ ಇಳಿಸುವವರು, ಸ್ಕೀ ಬಾಡಿಗೆ ಕೊಡುವ ಅಂಗಡಿಯವರು, ಅಡುಗೆಮನೆ, ರೂಮು, ರಿಸೆಪ್ಶನ್. ನೀವು ಐದು ವರ್ಷ ರಿಸೆಪ್ಶನ್ ನೋಡಿದವರು, ನೀರಿನ ಮೇಲೆ ಜನರ ಜೀವ ಕಾದವರು. ಅದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ. ದೊಡ್ಡ ರೆಸಾರ್ಟುಗಳು ವರ್ಷದ ಆರಂಭದಲ್ಲೇ, ಫೆಬ್ರುವರಿ ಮಾರ್ಚ್‌ನಲ್ಲಿ, ಅರ್ಜಿ ಕರೆಯುತ್ತವೆ. ನಾನು ಮಾಡಿದ ತಪ್ಪು ಅದೇ. ವೀಸಾ ಕೈಗೆ ಬರಲಿ ಎಂದು ಏಪ್ರಿಲ್ ಕೊನೆಯ ತನಕ ಸುಮ್ಮನಿದ್ದೆ. ಅಷ್ಟರಲ್ಲಿ ವಸತಿ ಕೊಡುವ ಕೆಲಸಗಳೆಲ್ಲ ತುಂಬಿಹೋಗಿದ್ದವು. ನೀವು ಹಾಗೆ ಮಾಡಬೇಡಿ. ಹೆಸರು ಬಂದ ದಿನವೇ ‘ವೀಸಾ ಪ್ರಕ್ರಿಯೆಯಲ್ಲಿದೆ’ ಎಂದು ನೇರವಾಗಿ ತಿಳಿಸಿ ಅರ್ಜಿ ಹಾಕಿ. ಮದ್ಯ ಬಡಿಸುವ ಜಾಗದಲ್ಲಿ ಕೆಲಸವಾದರೆ ಆ ರಾಜ್ಯದ ಆರ್‌ಎಸ್‌ಎ ಎಂಬ ಪ್ರಮಾಣಪತ್ರ ಬೇಕು.

ತದಡಿ ದಕ್ಕೆ:

ಅಕ್ಕಾ, ಇಷ್ಟು ವಿವರ ಹುಬ್ಬಳ್ಳಿಯವರು ಎರಡು ಗಂಟೆ ಕೂರಿಸಿಕೊಂಡರೂ ಹೇಳಿರಲಿಲ್ಲ. ಲಾಟರಿ ಎಂಬ ಶಬ್ದವನ್ನೇ ಅವರು ಎತ್ತಲಿಲ್ಲ. ಕಾಕಾ, ಇವತ್ತು ಫೋನ್ ಮಾಡಿ ನೋಂದಣಿ ಸಂಖ್ಯೆ ಕೇಳಿದೆ. ‘ಬಂದು ಮಾತಾಡಿ’ ಎಂದರು. ಎರಡನೆಯ ಸಲ ಕೇಳಿದ್ದಕ್ಕೆ ಫೋನ್ ಇಟ್ಟರು.

ಇನ್ನೂ ಕೇಳುವುದಿದೆ. ವಸತಿ ಅಷ್ಟು ಕಷ್ಟವೇ? ದುಡಿದದ್ದರಲ್ಲಿ ನಿಜವಾಗಿ ಎಷ್ಟು ಉಳಿಯುತ್ತದೆ? ಮತ್ತೆ ಅಮ್ಮ ಕೇಳುತ್ತಿದ್ದಾಳೆ, ಅಷ್ಟು ಚಳಿಯಲ್ಲಿ ನಮ್ಮಂಥವರು ಬದುಕುತ್ತೇವೆಯೇ, ಊಟಕ್ಕೆ ಏನು ಎಂದು. ಅವಳಿಗೆ ಓದಿ ಹೇಳಬೇಕು.

ಹೊನ್ನಾವರ ಬಂದರು:

ಚಳಿಯ ವಿಷಯಕ್ಕೆ ನಾನು ಸ್ವಲ್ಪ ಹೇಳಬಲ್ಲೆ. ಎರಡು ವರ್ಷದ ಹಿಂದೆ ಗುಲ್ಮಾರ್ಗಿಗೆ ಹೋಗಿ 14 ದಿನದ ಸ್ಕೀ ತರಬೇತಿ ಮುಗಿಸಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಅಲ್ಲಿದೆ. ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರ. ಶರಾವತಿಯ ದಂಡೆಯಲ್ಲಿ ಬೆಳೆದ ನನಗೆ ಮೊದಲ ಎರಡು ರಾತ್ರಿ ಮೂಗಿನ ತುದಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವಂತಾಯಿತು. ಮೂರನೆಯ ದಿನಕ್ಕೆ ದೇಹ ಒಪ್ಪಿಕೊಂಡಿತು.

ಮೊದಲು ಕಲಿಸುವುದು ಬೀಳುವುದನ್ನು ಮತ್ತು ಎದ್ದೇಳುವುದನ್ನು. ಆಮೇಲೆ ನಿಲ್ಲಿಸುವುದು. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ, ಮಂಡಿ ಬಗ್ಗಿಸಿ ಹಿಮ್ಮಡಿಯನ್ನು ಹೊರಕ್ಕೆ ಒತ್ತಬೇಕು. ಹೆದರಿಕೆಯಾದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ, ಹಿಂದಕ್ಕೆ ವಾಲಿದರೆ ವೇಗ ಇನ್ನೂ ಹೆಚ್ಚುತ್ತದೆ. ಇಳಿಜಾರಿನ ಕಡೆಗೆ ಎದೆ ಕೊಡಬೇಕು. ಇದು ತಲೆಗೆ ಹೋಗಲು ನನಗೆ ಐದು ದಿನ ಬೇಕಾಯಿತು.

ಎರಡನೆಯ ವಾರ ಮಣಿಕಟ್ಟು ಉಳುಕಿತು. ನನ್ನ ಬಳಿ ಪ್ರವಾಸ ವಿಮೆ ಇತ್ತು, ಆದರೆ ಅದರಲ್ಲಿ ಸ್ಕೀ ಸೇರಿರಲಿಲ್ಲ. ನಿಮ್ಮ ವಿಮೆಯಲ್ಲಿ ಹಿಮ ಕ್ರೀಡೆ ಎಂದು ಬರೆದಿದೆಯೇ ನೋಡಿಕೊಳ್ಳಿ. ಆಸ್ಟ್ರೇಲಿಯಾದ ಸರ್ಕಾರಿ ಆರೋಗ್ಯ ಯೋಜನೆ ಮೆಡಿಕೇರ್ ನಮ್ಮ ದೇಶದ ಪ್ರವಾಸಿಗರಿಗೆ ಅನ್ವಯಿಸುವುದಿಲ್ಲ. ಅಲ್ಲಿ ಕಾಲು ಮುರಿದರೆ ಪೂರ್ತಿ ಬಿಲ್ಲು ನಮ್ಮದೇ.

ಸೋಂದಾ ರಸ್ತೆ:

ವಸತಿಯ ಬಗ್ಗೆ ಬಿಡಿಸಿ ಬರೆಯುತ್ತೇನೆ. ನನ್ನ ನಾಲ್ಕು ತಿಂಗಳಲ್ಲಿ ಚಳಿಗಿಂತ ಹೆಚ್ಚು ನೋಯಿಸಿದ್ದು ಅದು.

ಜಿಂಡಬೈನ್ ಸಣ್ಣ ಊರು, ಸರೋವರದ ದಂಡೆಯಲ್ಲಿದೆ. ಚಳಿಗಾಲದಲ್ಲಿ ಕೆಲಸಗಾರರೂ ಪ್ರವಾಸಿಗರೂ ಒಟ್ಟಿಗೆ ಬಂದು ತುಂಬುತ್ತಾರೆ. ನಾನು ಇಳಿದಾಗ ಒಂದು ಹಾಸಿಗೆಯೂ ಖಾಲಿ ಇರಲಿಲ್ಲ. 60 ಕಿಲೋಮೀಟರ್ ದೂರದ ಕೂಮಾದಲ್ಲಿ ಒಂಬತ್ತು ರಾತ್ರಿ ಇದ್ದೆ. ಆಮೇಲೆ ಒಬ್ಬ ಮನೆಯೊಡೆಯ ಫೋಟೋ ಕಳಿಸಿ ನಾಲ್ಕು ವಾರದ ಬಾಡಿಗೆ ಮುಂಗಡ ತೆಗೆದುಕೊಂಡ. ಹೋಗಿ ನೋಡಿದರೆ ಅದು ಕಾರು ನಿಲ್ಲಿಸುವ ಶೆಡ್ಡು, ನಡುವೆ ಪ್ಲೈವುಡ್ ಹಲಗೆ. ಬಾಗಿಲ ಕೆಳಗಿನ ಸಂದಿಯಿಂದ ಬರುವ ಗಾಳಿಗೆ ಬಕೆಟ್ಟಿನ ನೀರಿನ ಮೇಲೆ ಬೆಳಿಗ್ಗೆ ಗಾಜಿನಂಥ ಪೊರೆ ಕಟ್ಟುತ್ತಿತ್ತು. ಆರು ರಾತ್ರಿ ಮಲಗಿದೆ. ಮುಂಗಡದಲ್ಲಿ ಅರ್ಧವಷ್ಟೇ ವಾಪಸು ಬಂತು. ಕೊನೆಗೆ ನಮ್ಮ ಲಾಡ್ಜಿನ ನೌಕರರ ಕೋಣೆಯಲ್ಲಿ ಒಬ್ಬಳು ಬಿಟ್ಟುಹೋದ ಜಾಗ ಸಿಕ್ಕಿತು. ವಾರಕ್ಕೆ 260 ಡಾಲರ್, ಮೂವರ ಕೋಣೆ. ಸಂದರ್ಶನದಲ್ಲಿ ಸಂಬಳ ಕೇಳುವ ಮೊದಲು ವಸತಿ ಕೇಳಿ. ವಸತಿ ಇಲ್ಲದ ಒಳ್ಳೆಯ ಕೆಲಸಕ್ಕಿಂತ ವಸತಿ ಇರುವ ಸಾಧಾರಣ ಕೆಲಸವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಕಣ್ಣಿನಿಂದ ನೋಡದ ಕೋಣೆಗೆ ಮುಂಗಡ ಕೊಡಬೇಡಿ.

ದುಡ್ಡಿನ ಲೆಕ್ಕ. ಅಲ್ಲಿ ವಯಸ್ಕರ ಕನಿಷ್ಠ ಕೂಲಿ ನಾನು ಸೇರಿದಾಗ ಗಂಟೆಗೆ 24.10 ಡಾಲರ್ ಇತ್ತು, 2025ರ ಜುಲೈ 1ಕ್ಕೆ 24.95 ಆಯಿತು. ಕಾಯಂ ಅಲ್ಲದವರಿಗೆ ಅದರ ಮೇಲೆ ಶೇ 25 ಹೆಚ್ಚು, ಅಂದರೆ ಸುಮಾರು 31. ನನಗೆ ಹದವಾದ ವಾರದಲ್ಲಿ 30 ಗಂಟೆ ಸಿಗುತ್ತಿತ್ತು, 930 ಡಾಲರ್. ನಮ್ಮ ವೀಸಾದವರಿಗೆ ಮೊದಲ 45,000 ಡಾಲರ್ ತನಕ ಶೇ 15 ತೆರಿಗೆ, ಮೊದಲ ಡಾಲರಿನಿಂದಲೇ. ಕೈಗೆ 790. ಬಾಡಿಗೆ, ಊಟ, ಬಸ್ಸು, ಫೋನ್ ಕಳೆದರೆ 350ರ ಸುತ್ತಮುತ್ತ ಉಳಿಯುತ್ತಿತ್ತು. ಹಿಮ ಬೀಳದ ವಾರ ಅತಿಥಿಗಳಿಲ್ಲ, ಗಂಟೆಗಳೂ ಇಲ್ಲ. ಜೂನ್ ತಿಂಗಳಲ್ಲಿ ಒಂದು ವಾರ ನನಗೆ ಸಿಕ್ಕಿದ್ದು 11 ಗಂಟೆ. ಟಿಕೆಟ್, ವೀಸಾ, ಬೆಚ್ಚನೆಯ ಬಟ್ಟೆಯ ಖರ್ಚೆಲ್ಲ ಕಳೆದು ಊರಿಗೆ ತಂದದ್ದು ಒಂದು ಲಕ್ಷ 60 ಸಾವಿರ. ಲಕ್ಷಗಟ್ಟಲೆ ಬಾಚಿಕೊಂಡು ಬರುತ್ತೇವೆಂದು ಹೊರಡಬೇಡಿ. ಆದರೆ ಶಿರಸಿಯ ಹೋಂಸ್ಟೇಯಲ್ಲಿ ಲೆಕ್ಕ ಬರೆಯುವ ನನಗೆ ಒಂದು ಮಳೆಗಾಲದಲ್ಲಿ ಅಷ್ಟು ಉಳಿದದ್ದು ಸಣ್ಣ ಮಾತಾಗಿರಲಿಲ್ಲ.

ತೆರಿಗೆ ಸಂಖ್ಯೆಯನ್ನು ಇಳಿದ ವಾರವೇ ಮಾಡಿಸಿ, ಅದು ಉಚಿತ. ಮಾಲೀಕರು ಪಿಂಚಣಿ ನಿಧಿಗೆ ಶೇ 12 ಬೇರೆ ಕಟ್ಟುತ್ತಾರೆ. ದೇಶ ಬಿಟ್ಟ ಮೇಲೆ ಅದನ್ನು ಕೇಳಿ ಪಡೆಯಬಹುದು, ಆದರೆ ನಮ್ಮ ವೀಸಾದವರಿಗೆ ಅದರಲ್ಲಿ ಶೇ 65 ತೆರಿಗೆಗೆ ಹೋಗುತ್ತದೆ. ಉಳಿದದ್ದನ್ನಾದರೂ ಬಿಡಬೇಡಿ. ಒಂದು ಕೆಫೆಯವರು ನನಗೆ ಗಂಟೆಗೆ 18 ಡಾಲರ್, ನಗದು, ಚೀಟಿ ಇಲ್ಲ ಎಂದರು. ನಾನು ಒಪ್ಪಲಿಲ್ಲ. ಸಂಬಳದ ಚೀಟಿ ಇಲ್ಲದ ಕೆಲಸಕ್ಕೆ ಕೈ ಹಾಕಬೇಡಿ, ಅನ್ಯಾಯವಾದರೆ ನೌಕರರ ದೂರು ಕೇಳುವ ಸರ್ಕಾರಿ ಕಚೇರಿಯಾದ ಫೇರ್ ವರ್ಕ್ ಓಂಬುಡ್ಸ್‌ಮನ್ ಬಳಿ ಹೋಗಬಹುದು. ನಮ್ಮ ಹಾಗೆ ಹೊರಗಿನಿಂದ ಬಂದವರಿಗೂ ಅದು ಇದೆ.

ಈಗ ನಿಮ್ಮ ಅಮ್ಮನಿಗೆ. ಅಮ್ಮಾ, ಬದುಕುತ್ತೇವೆ. ಒಳಗೆ ಎಲ್ಲ ಕಡೆ ಬೆಚ್ಚಗಿರುತ್ತದೆ. ಹೊರಗೆ ಹೋಗುವಾಗ ಮೈಗೆ ಅಂಟುವ ಒಳಬಟ್ಟೆ, ಮೇಲೆ ಉಣ್ಣೆ, ಅದರ ಮೇಲೆ ನೀರು ಇಳಿಯದ ಅಂಗಿ. ಮೂರು ಪದರ ಇದ್ದರೆ ಸಾಕು. ಹತ್ತಿ ಬಟ್ಟೆ ಮಾತ್ರ ಬೇಡ, ಒದ್ದೆಯಾದರೆ ಅದೇ ಶತ್ರು. ಮೊದಲ ಸಲ ಹಿಮದ ಮೇಲೆ ಕಾಲಿಟ್ಟಾಗ ಬೂಟಿನ ಅಡಿಯಿಂದ ಬಂದ ಸದ್ದು ಕೇಳಿ ನನಗೆ ನೆನಪಾದದ್ದು ಸಾಣಿಕಟ್ಟಾದ ಉಪ್ಪಿನ ರಾಶಿ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಬಂದು ಆ ರಾಶಿಯ ಅಂಚು ತುಳಿದಿದ್ದೆ, ಅದೇ ಕರಕರ.

ಕಷ್ಟ ಕೈಗಳದ್ದು. ದಿನಕ್ಕೆ ಹದಿನಾಲ್ಕು ರೂಮು, ಇಬ್ಬರು ಹೆಂಗಸರು. ಬಿಸಿನೀರು, ಸಾಬೂನು, ಮತ್ತೆ ಕಸದ ಚೀಲ ಹಿಡಿದು ಹೊರಗಿನ ಗಾಳಿಗೆ. ಎರಡನೆಯ ವಾರಕ್ಕೆ ಬೆರಳ ಗೆಣ್ಣುಗಳ ಮೇಲೆ ಚರ್ಮ ಸೀಳಿತು. ಮನೆಯಿಂದ ಒಯ್ದ ತೆಂಗಿನೆಣ್ಣೆ ಬಾಟಲಿಯಲ್ಲಿ ಮೇಣದಂತೆ ಗಟ್ಟಿಯಾಗಿತ್ತು. ಅದನ್ನು ಬೂಟು ಒಣಗಿಸುವ ಕೋಣೆಯ ಬಿಸಿ ಕೊಳವೆಯ ಮೇಲೆ ಇಟ್ಟು ಕರಗಿಸಿ ರಾತ್ರಿ ಹಚ್ಚಿ, ಹಳೆಯ ಕಾಲುಚೀಲವನ್ನು ಕೈಗೆ ಹಾಕಿ ಮಲಗುತ್ತಿದ್ದೆ. ಅದೊಂದು ಕೋಣೆ ನನಗೆ ಇಷ್ಟವಾಗಿತ್ತು. ಮೂವತ್ತು ನಲವತ್ತು ಜೊತೆ ಒದ್ದೆ ಬೂಟು ಸಾಲಾಗಿ ತಲೆಕೆಳಗಾಗಿ ನಿಂತಿರುತ್ತಿದ್ದವು. ಆ ಬೆಚ್ಚನೆಯ ಮುಗ್ಗು ವಾಸನೆ ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಬಚ್ಚಲೊಲೆಯ ಮೇಲೆ ಬಟ್ಟೆ ಒಣಗಿಸುವಾಗ ಬರುವುದೇ. ಊರಿನಲ್ಲಿ ಅದೇ ಹೊತ್ತಿಗೆ ಅಡಿಕೆಗೆ ಕೊಳೆ ಮದ್ದು ಹೊಡೆಯುವ ಗಡಿಬಿಡಿ, ಮರ ಹತ್ತುವ ಕೊನೆಗೌಡ ಬಂದನೋ ಇಲ್ಲವೋ ಎಂದು ಅಣ್ಣನ ಫೋನು. ಅವನೊಬ್ಬನ ಮೇಲೆ ತೋಟ ಬಿಟ್ಟು ಬಂದೆನಲ್ಲ ಎಂದು ಅಲ್ಲೇ ನಿಂತು ಎರಡು ಸಲ ಅತ್ತಿದ್ದೇನೆ.

ಊಟಕ್ಕೆ ಅಕ್ಕಿ, ಬೇಳೆ, ಮೊಸರು ಎಲ್ಲ ಸಿಗುತ್ತದೆ. ಒಂದು ಸಣ್ಣ ಕುಕ್ಕರ್ ಇದ್ದರೆ ಅನ್ನ ತಪ್ಪುವುದಿಲ್ಲ. ಇಲ್ಲಿಂದ ತಿನ್ನುವ ಪದಾರ್ಥ ಏನೇ ಒಯ್ದರೂ ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ‘ಇದೆ’ ಎಂದು ಬರೆಯಲೇಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದೊಡ್ಡ ದಂಡ.

ಇನ್ನೊಂದು ವಿಷಯ ನೆನಪಾಯಿತು. ಆ ಸರೋವರದ ಅಡಿಯಲ್ಲಿ ಹಳೆಯ ಜಿಂಡಬೈನ್ ಊರು ಇದೆ. ಜಲವಿದ್ಯುತ್ ಯೋಜನೆಗೆಂದು 1960ರ ದಶಕದಲ್ಲಿ ಊರನ್ನೇ ಮೇಲಕ್ಕೆ ಸ್ಥಳಾಂತರಿಸಿದರು. ನನ್ನ ಜೊತೆಯ ಹಿರಿಯ ಕೆಲಸಗಾರ್ತಿ ತನ್ನ ತಾಯಿಯ ಮನೆ ಎಲ್ಲಿತ್ತೆಂದು ನೀರಿನ ಕಡೆಗೆ ಬೆರಳು ತೋರಿಸಿದಳು. ನಾನು ಕಾಳಿ ನದಿಯ ಕಥೆ ಹೇಳಿದೆ, ಸೂಪಾ ಪೇಟೆ ಮುಳುಗಿ ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋದದ್ದನ್ನು. ಅಂದಿನಿಂದ ಅವಳು ನನಗೆ ಬೆಳಗಿನ ಚಹಾ ಮಾಡಿ ಇಡುತ್ತಿದ್ದಳು.

ತದಡಿ ದಕ್ಕೆ:

ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಕೈ ಸೀಳಿದ ಜಾಗದಲ್ಲಿ ನಿಲ್ಲಿಸಿ ಮತ್ತೊಮ್ಮೆ ಓದಿಸಿದಳು. ಆಮೇಲೆ ಬಳೆಯ ಮಾತು ಎತ್ತಲಿಲ್ಲ, ‘ಹೆಸರು ಹಾಕು, ಬಂದರೆ ನೋಡೋಣ’ ಎಂದಳು.

ಒಂದು ತೊಡಕು ಸಿಕ್ಕಿತು. ನನ್ನ ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರು ಸೇರಿಕೊಂಡಿದೆ, ಪಾಸ್‌ಪೋರ್ಟಿನಲ್ಲಿ ಇಲ್ಲ.

ಸೋಂದಾ ರಸ್ತೆ:

ಅದನ್ನು ಮೊದಲು ಸರಿಮಾಡಿಸಿ. ಎರಡರಲ್ಲೂ ಒಂದೊಂದು ಅಕ್ಷರವೂ ಹೊಂದಬೇಕು. ಲಾಟರಿ ತೆರೆದ ಮೇಲೆ ಓಡಾಡಿದರೆ ಸಮಯ ಸಾಲದು.

ತದಡಿ ದಕ್ಕೆ:

ನಾಳೆಯೇ ಕುಮಟಾಕ್ಕೆ ಹೋಗುತ್ತೇನೆ. ಈ ವರ್ಷ ಬಾರದಿದ್ದರೆ ಮುಂದಿನ ವರ್ಷವೂ ಹೆಸರು ಹಾಕಲು ವಯಸ್ಸಿದೆ. ಈ ಮಳೆಗಾಲ ಸುಮ್ಮನೆ ಕೂರದೆ ಇಂಗ್ಲಿಷ್ ಪರೀಕ್ಷೆ ಮುಗಿಸುತ್ತೇನೆ. ಅಪ್ಪ ಬಲೆ ಸರಿಮಾಡುತ್ತಾ ಎಲ್ಲ ಕೇಳಿಸಿಕೊಂಡರು. ಅವರು ಕೇಳಿದ್ದು ಒಂದೇ ಪ್ರಶ್ನೆ: ಆ ಸರೋವರದಲ್ಲಿ ಮೀನು ಇದೆಯೇ?

ಸೋಂದಾ ರಸ್ತೆ:

ಇದೆ, ಟ್ರೌಟ್. ಗಾಳ ಹಾಕುವ ಮೊದಲು ಸರ್ಕಾರಕ್ಕೆ ಶುಲ್ಕ ಕಟ್ಟಿ ರಸೀದಿ ಜೇಬಿನಲ್ಲಿ ಇಟ್ಟುಕೊಳ್ಳಬೇಕು ಎಂದು ಅಪ್ಪನಿಗೆ ಹೇಳಿ.